ಬರೀ ಫ್ಲ್ಯಾಶ್ ಹೊಡೆದ ಮದುವೆ

ಟಣ್, ಟಣ್ ಎಂದು ತಗಡಿನ ಟ್ರಂಕು ಮಾಡುವವರ ಸುತ್ತಿಗೆ ಗೌಸ್ ಮೊಹಿದ್ದೀನರ ಮನೆಯ ಪಕ್ಕದಲ್ಲಿ ಬೆಳಿಗ್ಗೆ ಏಳಕ್ಕೇ ಶುರುವಾಗುತ್ತದೆ. ಆ ಸದ್ದಿನ ನಡುವೆಯೂ ಕ್ಯಾಮರಾದ ಶಟರ್ ಸರಿಯಾಗಿ ಬಿತ್ತೋ ಇಲ್ಲವೋ ಎಂದು ಅವರ ಕಿವಿ ಹೇಳುತ್ತದೆ. ಚಾಮರಾಜನಗರದ ಸುತ್ತ ಮೂವತ್ತು ವರ್ಷ ಮದುವೆಗಳ ಫೋಟೊ ತೆಗೆದವರು ಅವರು. ಅದಕ್ಕೇ ಹರದನಹಳ್ಳಿಯ ಬಸವಪ್ರಸಾದ್ ಮೇಷ್ಟ್ರು ೨೦೦೮ರ ಫೆಬ್ರವರಿಯಲ್ಲಿ ಹೊಸ ಡಿಜಿಟಲ್ ಎಸ್‌ಎಲ್‌ಆರ್ ಕ್ಯಾಮರಾ ತಂದಾಗ, ಪರೀಕ್ಷೆ ಮಾಡಿಕೊಡಿ ಎಂದು ಅವರನ್ನು ಮನೆಗೆ ಕರೆಸಿಕೊಂಡರು.

ಮೇಷ್ಟ್ರಿಗೆ ಭಾನುವಾರ ಬಂತೆಂದರೆ ಪುಣಜನೂರಿನ ಕಾಡಂಚಿನಲ್ಲಿ ಹಕ್ಕಿಗಳ ಹಿಂದೆ ಅಲೆಯುವ ಹುಚ್ಚು. ಅವರು ತಂದದ್ದು ದೊಡ್ಡ ಸ್ಟುಡಿಯೊಗಳ ದುಬಾರಿ ಕ್ಯಾಮರಾ ಅಲ್ಲ, ಮಕ್ಕಳಾಟದ ಡಬ್ಬಿಯೂ ಅಲ್ಲ; ಹವ್ಯಾಸಿಗಳಿಗೆಂದೇ ಮಾಡಿದ ನಡುವಿನದು. ಹಿಡಿಸದಿದ್ದರೆ ವಾರದೊಳಗೆ ಮೈಸೂರಿನ ಅಂಗಡಿಗೆ ವಾಪಸು ಕೊಡಬಹುದಿತ್ತು.

"ಎಂಗದೆ ಸಾಬ್ರೇ?"

"ಇರಿ ಮೇಷ್ಟ್ರೇ. ಹೆಣ್ಣು ನೋಡೋಕೆ ಬಂದೋರ್ನ ಹೊಸಲಲ್ಲೇ ನಿಲ್ಲಿಸಿ ಒಪ್ಗೆ ಕೇಳ್ತಾರಾ?"

ಹಿಡಿತ ಕೈಗೆ ಒಪ್ಪಿತು. ಕಣ್ಣಿಟ್ಟು ನೋಡುವ ಕಿಂಡಿ ಅವರ ಹಳೆಯ ಫಿಲಂ ಕ್ಯಾಮರಾದಷ್ಟು ತಿಳಿಯಾಗಿರಲಿಲ್ಲ. ಉಗ್ರಾಣದ ಕತ್ತಲಲ್ಲಿ ಬೆಳಕು ಹೀರುವ ಅಳತೆಯಾದ ಐಎಸ್‌ಒ ಸಾವಿರದಾರುನೂರಕ್ಕೆ ಏರಿಸಿದಾಗ ನೆರಳಿನಲ್ಲೆಲ್ಲ ರಾಗಿ ಚೆಲ್ಲಿದ ಹಾಗೆ ಚುಕ್ಕೆ ಎದ್ದಿತು. ಅಂಗಳದಲ್ಲಿ ಬೇಯಿಸಿದ ಅರಿಸಿನ ಒಣಗುತ್ತಿತ್ತು. ಮೊದಲ ಚಿತ್ರದಲ್ಲಿ ಆ ಹಳದಿ ಬಿಸಿಲಿಗೆ ಸುಟ್ಟುಹೋಯಿತು. ಬೆಳಕು ಸ್ವಲ್ಪ ಇಳಿಸಿದರೆ ಒಂದೊಂದು ಕೊಂಬೂ ಬೇರೆಯಾಗಿ ಕಂಡಿತು. ಗೌಸ್ ತಲೆದೂಗಿದರು.

ಇನ್ನು ಮುಖದ ಬಣ್ಣ ನೋಡಬೇಕಿತ್ತು. ಅರಿಸಿನ ಹರಡುತ್ತಿದ್ದ ಆಳು ಚಿಕ್ಕಬಸಮ್ಮನನ್ನು ಕರೆದು ನಿಲ್ಲಿಸಿ ತೆಗೆದರು. ಹಿಂಬದಿಯ ಪರದೆಯಲ್ಲಿ ತನ್ನನ್ನೇ ಕಂಡು ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ಆಗ್ಲೇ ಬಂದ್ಬುಡ್ತಾ? ಅಂಗಾರೆ ನಮ್ಮೋರ್ದೂ ವಸಿ ತೋರ್ಸಿ ಸಾಬ್ರೇ. ಈ ಮನೆ ಅಕ್ಕಯ್ಯನ ಮದ್ವೇಲಿ ಜೋಡಿ ನಿಲ್ಸಿ ಒಡ್ದಿದ್ರಲ್ಲ ನೀವೇ."

ಅವಳ ಗಂಡ ಮಂಟೇಸ್ವಾಮಿ ತೀರಿಕೊಂಡು ಮೂರು ವರ್ಷವಾಗಿತ್ತು.

"ಅವ್ರ ಮೊಕ ಇನ್ನೆಲ್ಲೂ ಇಲ್ಲ ಕಣಪ್ಪ. ಓಟಿನ್ ಕಾರ್ಡಲ್ಲಿರೋದು ನೋಡುದ್ರೆ ಯಾರೋ ಕಳ್ಳನಂಗವ್ನೆ."

ಗೌಸ್ ನಗಲಿಲ್ಲ. ಹನ್ನೆರಡು ವರ್ಷದ ಹಿಂದಿನ ಆ ಮದುವೆ ಅವರಿಗೆ ನೆನಪಿತ್ತು. ಒಂದು ರೀಲಿಗೆ ಮೂವತ್ತಾರೇ ಚಿತ್ರ. ಬೀಗರು, ನೆಂಟರು ಮುಗಿಯುವ ಮೊದಲೇ ರೀಲು ಮುಗಿಯಬಾರದು. ಹಾಗಾಗಿ ಆಳುಕಾಳು, ಮಕ್ಕಳು ಬಂದು ನಿಂತರೆ ಫ್ಲ್ಯಾಶಿನ ಹಿಂದಿದ್ದ ಸಣ್ಣ ಗುಂಡಿಯನ್ನಷ್ಟೇ ಒತ್ತುವುದು. ಬೆಳಕು ಹೊಡೆಯುತ್ತದೆ, ಫಿಲಂ ಕದಲುವುದಿಲ್ಲ, ನಿಂತವರು ಖುಷಿಯಿಂದ ಹೋಗುತ್ತಾರೆ. ಇದು ಮೋಸವಲ್ಲ, ಮರ್ಯಾದೆ ಎಂದು ಕಸುಬು ಕಲಿಸಿದ ಗುಂಡ್ಲುಪೇಟೆಯ ಮಾವ ಹೇಳಿಕೊಟ್ಟಿದ್ದರು. ಎಷ್ಟು ಮದುವೆಗಳಲ್ಲಿ ಎಷ್ಟು ಜನಕ್ಕೆ ಆ ಮರ್ಯಾದೆ ಮಾಡಿದ್ದರೋ ಅವರಿಗೇ ಗೊತ್ತಿಲ್ಲ.

ಫಿಲಂ ಹಾಳಾಯಿತು ಎಂದಿದ್ದರೂ ಅವಳು ನಂಬುತ್ತಿದ್ದಳು. ಆ ಮಾತು ನಾಲಿಗೆಯವರೆಗೆ ಬಂದಿತ್ತು ಕೂಡ. ಪರದೆಯಲ್ಲಿ ಅವಳ ಮುಖ ಇನ್ನೂ ಹಾಗೇ ಇತ್ತು, ಪಕ್ಕದಲ್ಲಿ ಯಾರೂ ಇಲ್ಲದೆ.

"ಅವ್ವಾ, ಅವತ್ತು ನಾನು ಫೋಟೊ ತೆಗೀಲೇ ಇಲ್ಲ. ಬರೀ ಫ್ಲ್ಯಾಶ್ ಹೊಡ್ದೆ. ರೀಲು ಉಳಿಸ್ಕೋಬೇಕಿತ್ತು."

"ಬೆಳಕು ಬಂತಲ್ಲ?"

"ಬೆಳಕು ಬಂತು."

ಅವಳು ಅವರ ಕೈಗಳನ್ನೇ ನೋಡಿದಳು.

"ಅವ್ರು ಹಾಕಂಡಿದ್ದ ಅಂಗಿ ನಮ್ ಬಾವುಂದು. ಫೋಟಕ್ಕೆ ಅಂತ ಓಗಿ ಇಸ್ಕಬಂದಿದ್ರು" ಎಂದು ಹೇಳಿ, ಮತ್ತೆ ಅರಿಸಿನ ಹರಡಲು ಕುಳಿತಳು. ಬೈದಿದ್ದರೆ ಗೌಸ್ ಅಲ್ಲಿ ನಿಲ್ಲಬಹುದಿತ್ತು.

ಮೇಷ್ಟ್ರು ಕೆಮ್ಮಿದರು. "ಆಗಿನ ಕಾಲ, ಬುಡಿ ಸಾಬ್ರೇ. ಈಗೇಳಿ, ಇಟ್ಕಳನಾ, ವಾಪಸ್ ಕೊಡನಾ?"

"ಇಟ್ಕೊಳ್ಳಿ. ಹಳದಿಗೆ ಬೆಳಕು ಇಳಿಸಿ. ಕತ್ತಲಲ್ಲಿ ಐಎಸ್‌ಒ ಎಂಟುನೂರು ದಾಟಿಸ್ಬೇಡಿ. ಮತ್ತೆ ಯಾರಾದ್ರೂ ಬಂದು ಮುಂದೆ ನಿಂತ್ರೆ, ಯಾರೇ ಆಗ್ಲಿ, ಬರೀ ಫ್ಲ್ಯಾಶ್..." ಎನ್ನುತ್ತಾ ಗೌಸ್ ಮೊಹಿದ್ದೀನ್ ಕ್ಯಾಮರಾದ ಪಟ್ಟಿಯನ್ನು ಕೊರಳಿನಿಂದ ತೆಗೆದು ಮೇಷ್ಟ್ರ ಕೈಗಿಟ್ಟು, ಚಪ್ಪಲಿ ಮೆಟ್ಟಿ, ಮಾತು ಮುಗಿಸದೆ ಬಸ್ಸಿನ ದಾರಿಗೆ ನಡೆದುಬಿಟ್ಟರು.