ಮೂರು ಊರಿನ ಸರ್ಕಲ್

ಆ ಶನಿವಾರ ಬೆಳಕು ಹರಿಯುವ ಮೊದಲೇ ಸುಗುಣಾ ಹಾಲಿನ ಬಾಟಲಿಗಳನ್ನು ಕುದಿಸಿ ಮಗುಚಿಟ್ಟಿದ್ದಳು. ಡಿಶ್‌ವಾಶರಿನ ಪಾತ್ರೆಗಳನ್ನು ತೆಗೆದು ಜೋಡಿಸಿದ್ದಳು. ರಾತ್ರಿ ನೆನೆಹಾಕಿದ ಅಕ್ಕಿ ರುಬ್ಬಿ ನೀರುದೋಸೆ ಹೊಯ್ದು, ಒಂದಕ್ಕೊಂದು ಅಂಟದ ಹಾಗೆ ಮಡಚಿ ಡಬ್ಬಿ ತುಂಬಿದ್ದಳು. ಕುಚ್ಚಲಕ್ಕಿ ಬೇಯುವಷ್ಟರಲ್ಲಿ ಮಗುವಿನ ಬಟ್ಟೆಗಳು ಮಷಿನ್ನಿಗೆ ಬಿದ್ದು, ಹೊರಬಂದು, ಗ್ಯಾರೇಜಿನ ತಂತಿಯ ಮೇಲೆ ಹರಡಿದ್ದವು. ನಡುವೆ ಐದು ತಿಂಗಳ ಮೊಮ್ಮಗಳು ಶರ್ವಾಣಿ ಎರಡು ಸಲ ಎದ್ದಳು. ಡಯಪರ್ ಬದಲಿಸಿ ತಾಯಿಯ ಪಕ್ಕಕ್ಕೆ ಕೊಟ್ಟು, ಹಾಲು ಕುಡಿದ ಮೇಲೆ ಹೆಗಲಿಗೆ ಹಾಕಿಕೊಂಡು ತೇಗು ಬರಿಸಿ ಮಲಗಿಸಿದ್ದಾಯಿತು. ಮಧ್ಯಾಹ್ನಕ್ಕೆ ಸಾರು, ಅಲಸಂಡೆ ಪಲ್ಯ. ಸಂಜೆಗೂ ಇರಲಿ ಎಂದು ಇನ್ನೊಂದು ಹಿಡಿ ಅಲಸಂಡೆ ಹೆಚ್ಚಿಗೆ. ಇಷ್ಟೆಲ್ಲ ಮಾಡಿದ್ದು ಆ ದಿನ ಅವಳಿಗೆ ರಜೆ ಎಂಬ ಕಾರಣಕ್ಕೆ.

ರಜೆ ಸುಲಭಕ್ಕೆ ಸಿಕ್ಕಿದ್ದಲ್ಲ. ಸುಗುಣಾ ಆಸ್ಟ್ರೇಲಿಯಾಕ್ಕೆ ಬಂದು ಹನ್ನೊಂದು ತಿಂಗಳಾಗುತ್ತ ಬಂದಿತ್ತು. ಮೊದಲ ಹತ್ತು ತಿಂಗಳು ಸಿಡ್ನಿಯ ಸ್ಕೋಫೀಲ್ಡ್ಸ್‌ನಲ್ಲಿ, ಮಗ ರೋಶನನ ಮನೆಯಲ್ಲಿ. ಅವನ ಮಗ ಚೈಲ್ಡ್‌ಕೇರಿಗೆ ಹೋಗತೊಡಗಿದ ವಾರವೇ ಅವಳಿಗೆ ಮೆಲ್ಬರ್ನಿಗೆ ವರ್ಗವಾಯಿತು, ಕ್ರಾನ್‌ಬರ್ನಿನಲ್ಲಿರುವ ಮಗಳು ಅಶ್ವಿತಾಳ ಮನೆಗೆ. ಗಂಡ ಕಾಂತಪ್ಪ ಬರಲಿಲ್ಲ. ನಿವೃತ್ತ ಬ್ಯಾಂಕ್ ಮ್ಯಾನೇಜರ್ ಆದ ಅವರಿಗೆ ಸ್ಕೋಫೀಲ್ಡ್ಸ್‌ನಲ್ಲಿ ವಾಕಿಂಗ್ ಗೆಳೆಯರು ಸಿಕ್ಕಿದ್ದರು. ಆ ಗೆಳೆಯರ ಜೊತೆ ಅವರು ಒಪೆರಾ ಹೌಸನ್ನು ಎರಡು ಸಲ ನೋಡಿ ಬಂದಿದ್ದರು. ಎರಡು ಸಲವೂ ಮೊಮ್ಮಗ ನಿದ್ದೆಯಲ್ಲಿದ್ದ. ಅವನ ಪಕ್ಕದಲ್ಲಿ ಯಾರಾದರೂ ಇರಬೇಕಿತ್ತು.

ಹಾಗೆಂದು ಸುಗುಣಾ ಒಬ್ಬಳೇ ತಿರುಗಾಡಿ ಗೊತ್ತಿಲ್ಲದವಳಲ್ಲ. ಕಾಪುವಿನ ಪೇಟೆಯಲ್ಲಿ ಮಹಡಿಯ ಮೇಲೆ ಇಪ್ಪತ್ತೆರಡು ವರ್ಷ ಹೊಲಿಗೆ ತರಗತಿ ನಡೆಸಿದವಳು. ನೂಲು, ಲೈನಿಂಗ್ ಬಟ್ಟೆ ತರಲು ವಾರಕ್ಕೊಮ್ಮೆ ಉಡುಪಿಗೆ ಹೋಗುತ್ತಿದ್ದಳು. ಎಕ್ಸ್‌ಪ್ರೆಸ್ ಬಸ್ಸಿನ ಕಂಡಕ್ಟರು ‘ರೈಟ್ ಪೋಯಿ’ ಎಂದು ಕೂಗುವಷ್ಟರಲ್ಲಿ ಎರಡೂ ಕೈಯಲ್ಲಿ ಗಂಟು ಹಿಡಿದು ಹತ್ತಿ ಕೂತಿರುತ್ತಿದ್ದಳು.

ಸೋಮವಾರದಿಂದ ಅಶ್ವಿತಾ ಮತ್ತೆ ಕೆಲಸಕ್ಕೆ. ಅಲ್ಲಿಂದ ಮುಂದೆ ಬೆಳಿಗ್ಗೆ ಏಳೂವರೆಯಿಂದ ಸಂಜೆ ಆರರವರೆಗೆ ಮಗುವಿನ ಜೊತೆ ಸುಗುಣಾ ಒಬ್ಬಳೇ. ಅದಕ್ಕೇ ಶುಕ್ರವಾರ ಚಹಾ ಕುಡಿಯುವಾಗ ಅವಳು ಕೇಳಿದ್ದು: “ನಾಳೆ ನಾನು ಸ್ವಲ್ಪ ಊರು ನೋಡಿ ಬರ್ಲಾ?”

ಅಳಿಯ ಆದರ್ಶ್ ಮೈಸೂರಿನವನು. ಅವನಿಂದಾಗಿ ಆ ಮನೆಯಲ್ಲಿ ತುಳು ಹಿಂದೆ ಸರಿದು ಕನ್ನಡ ನಡೆಯುತ್ತಿತ್ತು. “ಒಬ್ರೇ ಯಾಕತ್ತೆ? ಸಮ್ಮರ್ ಬರ್ಲಿ, ಕಾರಲ್ಲೇ ಕರ್ಕೊಂಡ್ಹೋಗ್ತೀನಿ. ಪಾರ್ಕಿಂಗ್ ಒಂದು ಸಿಕ್ಬಿಟ್ರೆ ಆಯ್ತು.”

“ರೋಶನನೂ ಹಾಗೇ ಹೇಳಿದ್ದ. ಹತ್ತು ತಿಂಗಳು ಅವನಿಗೆ ಪಾರ್ಕಿಂಗೇ ಸಿಗ್ಲಿಲ್ಲ.”

ಅಶ್ವಿತಾ ನಕ್ಕಳು. ಆದರ್ಶನೂ ನಕ್ಕ, ಆದರೆ ಬಿಡಲಿಲ್ಲ. “ಸರಿ, ಒಂದು ಡೀಲ್ ಮಾಡ್ಕೊಳ್ಳೋಣ. ನೀವಾಗೇ ಹೋಗಿ, ನೋಡ್ಕೊಂಡು, ಎರಡು ಗಂಟೆಗೆ ವಾಪಸ್ ಬನ್ನಿ. ಬಂದ್ರೆ ಪ್ರತಿ ಶನಿವಾರ ನಿಮ್ದು. ಪಾಪು ನನ್ ಡ್ಯೂಟಿ. ದಾರಿ ತಪ್ಪಿದ್ರೆ ಮಾತ್ರ ಮತ್ತೆ ಒಬ್ರೇ ಹೋಗೋ ಮಾತಿಲ್ಲ, ಓಕೇನಾ?”

“ನನ್ನ ಶನಿವಾರಕ್ಕೆ ಪರೀಕ್ಷೆಯಾ?”

“ಪರೀಕ್ಷೆ ಅಲ್ಲ ಅತ್ತೆ, ಸೇಫ್ಟಿ.”

ಅಶ್ವಿತಾ ಎದೆಹಾಲು ತೆಗೆಯುವ ಪಂಪಿನ ಗುರ್‌ಗುರ್ ಸದ್ದಿನ ನಡುವೆಯೇ ದಾರಿ ಹೇಳಿದಳು: “ಸಿಟಿಗೆ ಹೋಗಿ ಸಿಟಿ ಸರ್ಕಲ್ ಹತ್ತಮ್ಮ. ಫ್ರೀ. ಒಂದು ಸುತ್ತು ಹಾಕಿ ಎಲ್ಲ ತೋರಿಸ್ತದೆ. ಹತ್ತಿದಲ್ಲೇ ಇಳಿ.”

ಸರ್ಕಲ್ ಎಂದರೆ ಸುಗುಣಾಳಿಗೆ ಉಡುಪಿಯಲ್ಲಿ ಪೊಲೀಸ್ ನಿಲ್ಲುವ ಜಾಗ. ಬಸ್ಸಿನಿಂದ ಇಳಿಯಬೇಕಾದದ್ದು, ಹತ್ತುವಂಥದ್ದಲ್ಲ. ಅನುಮಾನವಾಗಿ ಗಂಡನಿಗೆ ಫೋನು ಮಾಡಿದಳು.

“ಸಿಟಿ ಸರ್ಕಲಾ? ಅದು ಟ್ರೈನು ಮಾರಾಯ್ತಿ! ನಾನು ಹೋಗಿದ್ದೇನಲ್ಲ,” ಎಂದರು ಕಾಂತಪ್ಪ. “ಸುಮ್ಮನೆ ಕೂತ್ಕೊ, ಅದೇ ತಿರುಗಿಸ್ತದೆ. ಮೊದಲು ಸುರಂಗ. ಆಮೇಲೆ ಒಮ್ಮೆಲೇ ಬೆಳಕಿಗೆ ಬರ್ತದೆ, ಎದುರಿಗೇ ಸಮುದ್ರ, ಸೇತುವೆ, ಎಲ್ಲ ಉಂಟು.”

ಕಾಂತಪ್ಪ ಹೇಳಿದ್ದು ಸುಳ್ಳಲ್ಲ. ಆದರೆ ಅದು ಸಿಡ್ನಿಯ ಸಿಟಿ ಸರ್ಕಲ್.

ಎಂಟು ಗಂಟೆಗೆ ಹೊರಡಬೇಕೆಂದಿದ್ದವಳು, ಮಗುವಿಗೆ ಎಣ್ಣೆ ಹಚ್ಚಿ ಮೀಯಿಸಿ ಬಿಡು ಎಂದು ಮಗಳು ಕೇಳಿಕೊಂಡದ್ದರಿಂದ, ಸ್ಟೇಷನ್ ತಲುಪುವಾಗ ಹತ್ತೂಕಾಲು. ಅಲ್ಲಿ ಸಿಡ್ನಿಯ ಕಾರ್ಡನ್ನು ಮಷಿನ್ನಿಗೆ ಒತ್ತಿದಳು. ಅದು ಒಪ್ಪಲಿಲ್ಲ. ಮತ್ತೆ ಒತ್ತಿದಳು. ಹಿಂದೆ ನಿಂತವರು ಕೆಮ್ಮಿದ ಮೇಲೆ ಅಶ್ವಿತಾ ಕೊಟ್ಟ ಮೆಲ್ಬರ್ನಿನ ಮೈಕಿ ಕಾರ್ಡು ನೆನಪಾಯಿತು.

ರೈಲಿನಲ್ಲಿ ಕಿಟಕಿ ಪಕ್ಕ ಕೂತಳು. ಒಂದೇ ಅಚ್ಚಿನ ಮನೆಗಳು, ಒಂದೇ ಬಣ್ಣದ ಬೇಲಿಗಳು ಹಿಂದೆ ಸರಿದವು. ಒಂದು ಗಂಟೆ ಕಳೆದು ದೊಡ್ಡದೊಂದು ಕ್ರಿಕೆಟ್ ಮೈದಾನ ದಾಟುವಾಗ, ಗಾಡಿ ‘ಸಿಟಿ ಲೂಪ್’ ಮೂಲಕ ಹೋಗುತ್ತದೆ ಎಂದು ಮೇಲಿನಿಂದ ಧ್ವನಿ ಬಂತು. ಸುಗುಣಾ ಕಿವಿ ನಿಮಿರಿಸಿದಳು. ಲೂಪ್ ಅವಳ ಕಸುಬಿನ ಮಾತು. ರವಿಕೆಯ ಅಂಚಿನಲ್ಲಿ ಹುಕ್ಕು ಸಿಕ್ಕಿಸಲು ಹಾಕುವ ದಾರದ ಕುಣಿಕೆ ಅದು. ಬಟ್ಟೆಯಿಂದ ಹೊರಟು ಸುತ್ತಿ ಬಂದು ಬಟ್ಟೆಯನ್ನೇ ಸೇರುತ್ತದೆ. ಸರ್ಕಲ್ಲೂ ಸುತ್ತು, ಲೂಪೂ ಸುತ್ತು. ಅಂದ ಮೇಲೆ ಇಳಿಯುವುದೇ ಬೇಡ. ತಾನು ಆಗಲೇ ಅದರಲ್ಲಿ ಕೂತಾಗಿದೆ ಎಂದು ಲೆಕ್ಕ ಹಾಕಿ ಅವಳು ಸೆರಗು ಸರಿಮಾಡಿಕೊಂಡಳು.

ಗಾಡಿ ಸುರಂಗಕ್ಕಿಳಿಯಿತು. ಗಂಡ ಹೇಳಿದ್ದು ಸರಿಯಾಗಿಯೇ ಇತ್ತಲ್ಲ. ಕಪ್ಪು ಗೋಡೆ, ಗಾಜಿನಲ್ಲಿ ಅವಳದೇ ಮುಖ. ಒಂದು ಸ್ಟೇಷನ್ ಬಂತು, ಜನ ಇಳಿದರು. ಪಾರ್ಲಿಮೆಂಟ್ ಎಂದು ಬರೆದಿತ್ತು. ಎಲ್ಲಿ ಪಾರ್ಲಿಮೆಂಟು? ಗೋಡೆಗೆ ಹಚ್ಚಿದ ಹಲ್ಲುಜ್ಜುವ ಪೇಸ್ಟಿನ ಜಾಹೀರಾತು ಮಾತ್ರ ಕಂಡಿತು. ಮತ್ತೆ ಕತ್ತಲೆ. ಇನ್ನೊಂದು ಸ್ಟೇಷನ್, ಇನ್ನಷ್ಟು ಜನ ಇಳಿದರು. ಇವರೆಲ್ಲ ಸಮುದ್ರ ನೋಡದೆ ಯಾಕೆ ಇಳಿಯುತ್ತಾರೆ? ದಿನಾ ನೋಡುವವರಿರಬೇಕು.

ಕೊನೆಗೆ ಬೆಳಕು ಬಂತು. ಎತ್ತರದ ಕಟ್ಟಡಗಳು ಎರಡೂ ಕಡೆ ನುಗ್ಗಿ ಬಂದವು. ಬಲಗಡೆ ಮಣ್ಣು ಬಣ್ಣದ ನೀರು ಕಂಡಿತು, ಕಾಪುವಿನ ಹೊಳೆಯಷ್ಟು ಅಗಲ. ಇದಾ ಸಮುದ್ರ? ಗಾಡಿ ಫ್ಲಿಂಡರ್ಸ್ ಸ್ಟ್ರೀಟ್ ಸ್ಟೇಷನ್ನಿನಲ್ಲಿ ನಿಂತಿತು. ಉಳಿದವರೆಲ್ಲ ಎದ್ದರು. ಸುಗುಣಾಳೂ ಅರ್ಧ ಎದ್ದಳು. ಆಗ ಫೋನು ಬಡಿದುಕೊಂಡಿತು. ಸಿಡ್ನಿಯಿಂದ ಕಾಂತಪ್ಪ.

“ಸುಗುಣಾ, ಚಟ್ನಿಪುಡಿ ಎಲ್ಲಿಟ್ಟಿದ್ದೀ?”

“ಮೇಲಿನ ಕಪಾಟಿನಲ್ಲಿ ಉಂಟು ನೋಡಿ.”

“ಮೇಲೆ ಇಲ್ಲ.”

“ಎಡಗಡೆ. ನೀಲಿ ಮುಚ್ಚಳದ ಬಾಟಲಿ.”

“ಇದರಲ್ಲಿ ಮೆಂತೆ ಉಂಟು.”

“ಅದರ ಹಿಂದೆ. ಕೈ ಹಾಕಿ ತೆಗೀರಿ, ಬರೀ ಬಗ್ಗಿ ನೋಡಿದರೆ ಅದು ಮುಂದೆ ಬರುದಿಲ್ಲ!”

“ಸಿಕ್ಕಿತು. ಸಮುದ್ರ ಬಂತಾ?”

ಬಾಗಿಲು ಮುಚ್ಚಿಕೊಂಡಿತ್ತು. ಗಾಡಿ ಚಲಿಸುತ್ತಿತ್ತು. ತುಸು ಹೊತ್ತಿಗೆ ಅದೇ ಕ್ರಿಕೆಟ್ ಮೈದಾನ ಮತ್ತೆ ಬಂತು. ಮೊದಲು ಈ ಕಡೆಯಿದ್ದದ್ದು ಈಗ ಆ ಕಡೆ. ತನ್ನ ತಲೆ ತಿರುಗಿತೋ ಊರು ತಿರುಗಿತೋ ಅವಳಿಗೆ ತಿಳಿಯಲಿಲ್ಲ.

ಎದುರು ಸೀಟಿನಲ್ಲಿ ಆಗಷ್ಟೇ ಹತ್ತಿದ್ದ ಪಂಜಾಬಿ ಹೆಂಗಸೊಬ್ಬಳು, ವೃದ್ಧಾಶ್ರಮದ ಸಮವಸ್ತ್ರದಲ್ಲಿ, ಕಾಲು ಚಾಚಿ ಕೂತಿದ್ದಳು. “ಆಂಟೀಜಿ, ಕಹಾಂ ಜಾನಾ ಹೈ?” ಎಂದಳು.

“ಸಿಟಿ ಸರ್ಕಲ್.”

“ವೋ ತೋ ಟ್ರಾಮ್ ಹೈ ಆಂಟೀಜಿ! ಯೇ ಗಾಡಿ ವಾಪಸ್ ಕ್ರಾನ್‌ಬರ್ನ್ ಜಾ ರಹೀ ಹೈ.”

ಸುಗುಣಾಳ ಹರಕು ಹಿಂದಿಗೂ ಅಷ್ಟು ಅರ್ಥವಾಯಿತು. ಇಲ್ಲಿ ಸರ್ಕಲ್ ಎಂದರೆ ರಸ್ತೆಯ ಮೇಲೆ ಓಡುವ ಹಳೆಕಾಲದ ಟ್ರಾಮು. ಲೂಪ್ ಎಂದರೆ ನೆಲದಡಿಯ ರೈಲು. ಅದು ಊರನ್ನು ಒಂದು ಸುತ್ತು ಹಾಕಿ, ಬಂದವರನ್ನು ಬಂದ ಮನೆಗೇ ತಲುಪಿಸುತ್ತದೆ. ಆ ಹೆಂಗಸು ಬೆರಳು ಮಡಚಿ ಮಡಚಿ ಹೇಳಿಕೊಟ್ಟಳು: ಕಾಲ್‌ಫೀಲ್ಡಿನಲ್ಲಿ ಇಳಿ, ಹಳಿಗಳ ಕೆಳಗಿನ ದಾರಿಯಲ್ಲಿ ಆಚೆ ಹೋಗು, ಫ್ಲಿಂಡರ್ಸ್ ಸ್ಟ್ರೀಟಿನ ಗಾಡಿ ಹತ್ತು, ಹೊರಗೆ ಬಂದು ಟ್ರಾಮು ಕೇಳು. ಕಾಲ್‌ಫೀಲ್ಡಿಗೆ ಮೊದಲಿನ ಸ್ಟೇಷನ್ನಿನಲ್ಲಿ ಆ ಹೆಂಗಸು ಇಳಿದು ಹೋದಳು.

ಗಂಟೆ ಹನ್ನೆರಡು ದಾಟಿತ್ತು. ಈಗ ತಿರುಗಿ ಸಿಟಿಗೆ ಹೋದರೆ ಎರಡಕ್ಕೆ ಮನೆ ಸೇರುವ ಮಾತೇ ಇಲ್ಲ. ಸುಮ್ಮನೆ ಕೂತರೆ ಒಂದಕ್ಕೆಲ್ಲ ಮನೆ. ನೋಡಿದೆ ಎಂದು ಒಂದು ಮಾತು ಹೇಳಿದರೆ ಶನಿವಾರಗಳೂ ಸಿಗುತ್ತವೆ. ಏನು ನೋಡಿದೆ ಎಂದು ಕೇಳಿದರೆ? ಯಾರು ಕೇಳುತ್ತಾರೆ!

ಗಾಡಿ ಕಾಲ್‌ಫೀಲ್ಡಿಗೆ ಬರುವಾಗ ಮತ್ತೆ ಫೋನು. ಅಶ್ವಿತಾ. ಹಿಂದೆ ಮಗುವಿನ ಅಳು. “ಅಮ್ಮ, ಸಿಟಿ ಸರ್ಕಲ್ ಆಯ್ತಾ? ಪಾಪು ಬಾಟಲ್ ಮುಟ್ತಾನೇ ಇಲ್ಲ. ಸೋಮವಾರ ಏನ್ ಮಾಡುದೋ. ಬೇಗ ಬರ್ತೀಯಾ?”

ಬಾಗಿಲು ತೆರೆಯಿತು. ‘ಆಯ್ತು’ ಎಂಬ ಮಾತು ಸುಗುಣಾಳ ನಾಲಿಗೆಯ ತುದಿಗೆ ಬಂದಿತ್ತು. ಅವಳು ಕೈಚೀಲ ಎತ್ತಿಕೊಂಡು ಪ್ಲಾಟ್‌ಫಾರ್ಮಿಗೆ ಇಳಿದಳು.

“ಆಗ್ಲಿಲ್ಲ. ನಾನು ತಪ್ಪು ಗಾಡಿಯಲ್ಲಿ ಕೂತಿದ್ದೆ.”

“ಅಯ್ಯೋ! ಎಲ್ಲಿದ್ದೀ? ಅಲ್ಲೇ ನಿಲ್ಲು, ಆದರ್ಶ್ ಕಾರ್ ತಕೊಂಡು ಬರ್ತಾರೆ.” ಹಿಂದಿನಿಂದ ಅಳಿಯನ ದನಿ ಕೇಳಿಸಿತು: “ನಾನು ಹೇಳಿರ್ಲಿಲ್ವಾ?” ಮತ್ತೆ ಮಗಳು: “ಯಾವ ಸ್ಟೇಷನ್ ಅಮ್ಮ? ಬೋರ್ಡ್ ನೋಡಿ ಹೇಳು.”

ಬೋರ್ಡು ತಲೆಯ ಮೇಲೆಯೇ ಇತ್ತು. ಸುಗುಣಾ ಅದನ್ನು ಓದಿದಳು.

“ಹೇಳುದಿಲ್ಲ. ಹೇಳಿದರೆ ಕಾರು ಬರ್ತದೆ.”

“ಅಮ್ಮಾ!”

“ಪಾಪುವಿಗೆ ಬಾಟಲಿ ಆದರ್ಶ ಕೊಡ್ಲಿ. ನಿನ್ನ ವಾಸನೆ ಇದ್ದರೆ ಅದು ತಕೊಳ್ಳುದಿಲ್ಲ, ನೀನು ಆಚೆ ಕೋಣೆಗೆ ಹೋಗು. ನಂಗೆ ಎರಡು ಗಂಟೆಗೆ ಬರ್ಲಿಕ್ಕಾಗುದಿಲ್ಲ.”

“ಆದರ್ಶ್ ಹೇಳಿದ ಡೀಲ್...”

“ಅದು ಅವರು ಮಾಡಿದ್ದು. ನಾನು ಹೂಂ ಅಂದಿದ್ದೇನಾ?”

ಕ್ರಾನ್‌ಬರ್ನಿನ ಗಾಡಿ ಹೊರಟುಹೋಯಿತು. ಸುಗುಣಾ ಫೋನನ್ನು ಚೀಲದೊಳಗೆ ಹಾಕಿ, ಕೆಳಗಿನ ದಾರಿ ಇಳಿದಳು. ಮೇಲೆ ಹತ್ತಿದರೆ ಅಲ್ಲಿಯೂ ಎರಡು ಹಳಿ. ಎಡಕ್ಕೊಂದು ಗಾಡಿ ಬಂದು ನಿಂತಿತ್ತು, ಬಲಕ್ಕೆ ಇನ್ನೊಂದು ಬರುತ್ತಿತ್ತು. ಹಲಗೆಯ ಮೇಲೆ ಒಂದರ ಎದುರು ಸಿಟಿ ಲೂಪ್, ಇನ್ನೊಂದರ ಎದುರು ಫ್ಲಿಂಡರ್ಸ್ ಸ್ಟ್ರೀಟ್. ಯಾವ ಸಾಲು ಯಾವ ಗಾಡಿಯದೋ ಅವಳಿಗೆ ಸ್ಪಷ್ಟವಾಗಲಿಲ್ಲ. ಎಡದ ಗಾಡಿ ಬೀಪ್ ಬೀಪ್ ಎಂದು ಬಾಗಿಲು ಮುಚ್ಚತೊಡಗಿತು. ಅವಳು ಓಡಲಿಲ್ಲ. ಬಲಗಡೆಯದು ನಿಂತ ಮೇಲೆ ಹತ್ತಿದಳು, ಯಾವುದೇ ಆಗಲಿ, ಫ್ಲಿಂಡರ್ಸ್ ಸ್ಟ್ರೀಟಿನ ಬೋರ್ಡು ಕಂಡ ಕೂಡಲೇ ಇಳಿಯಲು ಬಾಗಿಲಿನ ಹತ್ತಿರದ ಕಂಬ ಹಿಡಿದು ನಿಂತಳು. ಸೀಟುಗಳು ಖಾಲಿಯಿದ್ದವು. ಆದರೆ ಈ ಸಲ ಕೂರುವುದು ಬೇಡವೆಂದು ಅವಳು ತೀರ್ಮಾನಿಸಿದ್ದಳು.