ಆಷಾಢದ ಫೋಟೋ

ಚಾಚಾರ ಮುಖದಲ್ಲಿ ಸುಕ್ಕುಗಳಿದ್ದದ್ದು ಎಡಗಣ್ಣಿನ ಸುತ್ತ ಮಾತ್ರ. ನಲವತ್ತು ವರ್ಷ ಆ ಕಣ್ಣು ಮುಚ್ಚಿ, ಬಲಗಣ್ಣಿನಿಂದ ಕ್ಯಾಮೆರಾದೊಳಗೆ ನೋಡಿದ್ದರ ಗುರುತು ಅದು. ಬಲಗಡೆ ಕುಳಿತವರಿಗೆ ಐವತ್ತರ ಗಂಡಸು, ಎಡಗಡೆ ಕುಳಿತವರಿಗೆ ಎಪ್ಪತ್ತರ ಮುದುಕ. ಖರೆ ವಯಸ್ಸು ಕೇಳಿದರೆ ನಕ್ಕು ಚಹಾ ತರಿಸುತ್ತಿದ್ದರು.

ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಅವರದೊಂದು ಸಣ್ಣ ಫೋಟೋ ಸ್ಟುಡಿಯೋ; ಓಣಿಯವರಿಗೆಲ್ಲ ಅವರು ಚಾಚಾ. ನಾನು ಧಾರವಾಡದ ಮಾಳಮಡ್ಡಿಯ ಶಾಲಾ ಮಾಸ್ತರ. ಯಾವುದೋ ಅರ್ಜಿಗೆಂದು ಫೋಟೋ ತೆಗೆಸಲು ಹೋದವನು ಅಲ್ಲಿನ ಗೋಡೆಯ ಮೇಲಿದ್ದ ಹಸಿರು ಗುಡ್ಡದ ಚಿತ್ರವೊಂದನ್ನು ನೋಡುತ್ತ ನಿಂತುಬಿಟ್ಟೆ. ಕಳಸದ ಕಡೆ ಮದುವೆಯ ಫೋಟೋ ತೆಗೆಯಲು ಹೋದ ಚಾಚಾ, ದಸರೆ ಮುಗಿದ ಮೇಲಿನ ದಿನಗಳಲ್ಲಿ ಕುದುರೆಮುಖದ ರಾಷ್ಟ್ರೀಯ ಉದ್ಯಾನದೊಳಗಿನ ಬಂಡೆಯೊಂದರ ಮೇಲಿಂದ ಅದನ್ನು ತೆಗೆದಿದ್ದರು. ಅದೇ ಬಂಡೆಯ ಮೇಲೆ ನಿಂತು ಅದೇ ಗುಡ್ಡವನ್ನು ಚಳಿಗಾಲದಲ್ಲಿ, ಬೇಸಿಗೆಯಲ್ಲಿ, ಆಷಾಢದ ಮಂಜಿನಲ್ಲಿ ತೆಗೆಯಬೇಕು, ನಾಲ್ಕನ್ನೂ ಒಂದೇ ಸಾಲಿನಲ್ಲಿ ಹಾಕಬೇಕು ಎನ್ನುವುದು ಅವರ ಹಟ. ನನಗೂ ಕ್ಯಾಮೆರಾದ ಹುಚ್ಚು ಹತ್ತಿತು. ಅವರೇ ಗುರುಗಳಾದರು.

ಅಷ್ಟರಲ್ಲಿ ಅವರ ಎದೆಯಲ್ಲಿ ನೋವು ಕಾಣಿಸಿಕೊಂಡಿತು. ಡಾಕ್ಟರು ಏರು ಹತ್ತಲೇಬಾರದು ಎಂದರು. ಚಾಚಾ ತಲೆಯಾಡಿಸಿ ಬಂದು, ಚಳಿಗಾಲದ ಫೋಟೋಕ್ಕೆ ಹೋಗಲು ಕಳಸದ ಬಸ್ಸು ಎಷ್ಟು ಗಂಟೆಗೆ ಎಂದು ನನ್ನನ್ನೇ ಕೇಳಿದರು.

ಹೊರಡುವ ದಿನ ಅವರ ಹೆಂಡತಿ ಚಾಚಿ ನನ್ನನ್ನು ಬಾಗಿಲ ಮರೆಗೆ ಕರೆದು ಒಂದು ಗುಳಿಗೆ ಡಬ್ಬಿ ಕೊಟ್ಟರು.

"ಅವರು ನನ್ನ ಮಾತು ಕೇಳಂಗಿಲ್ಲ ಮಾಸ್ತರ. ಎದಿ ಹಿಡಕೊಂಡ್ರ ನಾಲಗಿ ಕೆಳಗ ಒಂದು ಇಡ್ರಿ. ನಿಮ್ಮ ಕಡೆ ಐತಿ ಅಂತ ಅವರಿಗೆ ಹೇಳಬ್ಯಾಡ್ರಿ."

ನಾನೋ ಮೊದಲೇ ಪುಕ್ಕಲು. ಪರೀಕ್ಷೆಯ ದಿನ ಮಕ್ಕಳಿಗಿಂತ ಮೊದಲು ನಾನೇ ದೇವರಿಗೆ ಕೈಮುಗಿಯುತ್ತೇನೆ. ಅಂಥವನ ಕಿಸೆಯಲ್ಲಿ ಆ ಡಬ್ಬಿ! ದಾರಿಯುದ್ದಕ್ಕೂ ಅವರ ಹಿಂದೆಯೇ ನಡೆದೆ, ಅವರ ಉಸಿರು ಎಣಿಸುತ್ತ. ಬಂಡೆ ಮುಟ್ಟಿದವರೇ ಅವರು ಧಪ್ಪನೆ ಕುಳಿತರು. ನಾನು ಗಡಿಬಿಡಿಯಲ್ಲಿ ಡಬ್ಬಿ ಬಿಚ್ಚಲು ಹೋಗಿ ಎರಡು ಗುಳಿಗೆ ಹುಲ್ಲಿನಲ್ಲಿ ಚೆಲ್ಲಿದೆ. ಅವರು ಕುಳಿತದ್ದು ಬಿಸಿಲಿಗೆ ಅಡ್ಡ ಬಂದ ಮೋಡ ಸರಿಯಲಿ ಎಂದು!

"ಮಾಸ್ತರ, ನೀವು ಗುಡ್ಡಾ ನೋಡಾಕ ಬಂದೀರೋ, ನನ್ನ ಎದಿ ನೋಡಾಕ ಬಂದೀರೋ?"

ಮೋಡ ಸರಿಯಿತು. ಒಣಹುಲ್ಲಿನ ಗುಡ್ಡ ಹೊಂಬಣ್ಣಕ್ಕೆ ತಿರುಗಿತು. ಚಾಚಾ ಎಡಗಣ್ಣು ಮುಚ್ಚಿ, ಸ್ಟುಡಿಯೋದಲ್ಲಿ ಗಿರಾಕಿಗಳಿಗೆ ಹೇಳುವ ಹಾಗೆಯೇ ಮೆಲ್ಲಗೆ, "ಗದ್ದ ಸ್ವಲ್ಪ ಮ್ಯಾಲೆ... ಹಾಂ, ಹಂಗ ಇರ್ರಿ" ಎಂದು ಗುಡ್ಡಕ್ಕೆ ಹೇಳಿ ಒಂದೇ ಒಂದು ಫೋಟೋ ತೆಗೆದರು. ಎರಡನೆಯದನ್ನು ತೆಗೆಯುತ್ತಿರಲಿಲ್ಲ. ಫೋಟೋ ಅನ್ನುವುದು ಗುಡ್ಡ ಕೊಡುವಂಥದ್ದು, ಕೊಟ್ಟದ್ದನ್ನು ಇಸಿದುಕೊಂಡು ಸುಮ್ಮನೆ ಇಳಿಯಬೇಕು ಎನ್ನುತ್ತಿದ್ದರು.

ಬೇಸಿಗೆಯಲ್ಲಿ, ಹೋಳಿ ಹುಣ್ಣಿಮೆಯ ಸುಮಾರಿಗೆ ಮತ್ತೆ ಹೋದೆವು. ಈ ಸಲ ಅರ್ಧ ಏರಿನಲ್ಲಿ ಚಾಚಾ ನಿಂತರು. ಹಿಂದಿರುಗಿ ನೋಡದೆ ನನ್ನತ್ತ ಅಂಗೈ ಚಾಚಿದರು.

"ಚಾಚಿ ಕೊಟ್ಟದ್ದು ಒಂದು ಕೊಡ್ರಿ."

ಗುಳಿಗೆ ಇಟ್ಟುಕೊಂಡು ಬಹಳ ಹೊತ್ತು ಕುಳಿತರು. ತುಟಿ ಬೂದಿಯಂತಾಗಿತ್ತು. ಮೊಬೈಲಿನಲ್ಲಿ ಸಿಗ್ನಲ್ ಇಲ್ಲ, ಕೆಳಗಿನ ರಸ್ತೆಗೆ ಎರಡು ತಾಸಿನ ದಾರಿ, ಚಾಚಿಗೆ ಏನು ಹೇಳಲಿ? ಚಾಚಾ ಎದ್ದು ಮೇಲೆ ಹೋಗಿ ಫೋಟೋ ತೆಗೆದೇ ಇಳಿದರು. ಆ ಗುಡ್ಡ ಅಂದು ಹೇಗಿತ್ತು ಎಂದು ಕೇಳಿದರೆ ನಾನು ಹೇಳಲಾರೆ.

ಉಳಿದದ್ದು ಆಷಾಢದ ಒಂದೇ ಫೋಟೋ. ಅರಣ್ಯ ಇಲಾಖೆಯ ಪರವಾನಗಿ ತೆಗೆಯುವ ಕೆಲಸ ನನ್ನದು. ಇಬ್ಬರ ಹೆಸರಿಗೂ ಸಿಕ್ಕಿತು. ಸಿಕ್ಕ ದಿನದಿಂದ ನನಗೆ ನಿದ್ದೆಯಿಲ್ಲ. ಜಾರುವ ಮಣ್ಣು, ಮಂಜು, ನಡುವೆ ಕುಸಿದ ಚಾಚಾ, ಕಣ್ಣು ಮುಚ್ಚಿದರೆ ಇದೇ. ಹೊರಡುವ ಹಿಂದಿನ ಸಂಜೆ ಸ್ಟುಡಿಯೋಕ್ಕೆ ಹೋಗಿ, ಮಳೆ ಜೋರಾಗಿದೆಯಂತೆ, ಗುಡ್ಡ ಹತ್ತಲು ಯಾರನ್ನೂ ಬಿಡುತ್ತಿಲ್ಲವಂತೆ ಎಂದು ಸುಳ್ಳು ಹೇಳಿದೆ. ಚಾಚಾ ಆಗಲೇ ಚೀಲ ಕಟ್ಟಿಟ್ಟಿದ್ದರು. ಅದನ್ನು ಕಪಾಟಿನ ಮೇಲೆ ಎತ್ತಿಟ್ಟು, ಹೋಗಲಿ ಬಿಡ್ರಿ, ಬರುವ ವರ್ಷ ನೋಡೋಣ ಎಂದರು. ಮರುದಿನ ಧಾರವಾಡದಲ್ಲಿ ಸುರಿದ ಮಳೆ ನೋಡಿ ನಾನು ಮಾಡಿದ್ದೇ ಸರಿ ಎಂದು ಸಮಾಧಾನ ಮಾಡಿಕೊಂಡೆ.

ಬರುವ ವರ್ಷದ ಮಳೆಗಾಲ ಅವರಿಗೆ ಬರಲಿಲ್ಲ. ಯುಗಾದಿಗೆ ಮುಂಚೆ ಒಂದು ಮಧ್ಯಾಹ್ನ, ಸ್ಟುಡಿಯೋದಲ್ಲಿ ಹುಡುಗಿಯೊಬ್ಬಳ ಫೋಟೋ ತೆಗೆಯುತ್ತಿದ್ದವರು ಸ್ಟೂಲಿನ ಮೇಲೆ ಕುಳಿತರು, ಮತ್ತೆ ಏಳಲಿಲ್ಲ. ಗುಡ್ಡ ಹತ್ತಿಸದೆ ಉಳಿಸಿಕೊಳ್ಳುತ್ತೇನೆ ಎಂದುಕೊಂಡವನು ನಾನು. ಸಪಾಟು ನೆಲದ ಮೇಲೆಯೇ ಹೋದರು.

ಅವರು ಹೋದ ನಲವತ್ತನೆಯ ದಿನದ ಕಾರ್ಯಕ್ಕೆ ಅವರ ಮನೆಗೆ ಹೋಗಿದ್ದೆ. ಬಂದವರೆಲ್ಲ ಹೋದ ಮೇಲೆ ಚಾಚಿಯ ಎದುರು ತಲೆ ತಗ್ಗಿಸಿ ಆ ಸುಳ್ಳಿನ ಕಥೆಯನ್ನೆಲ್ಲ ಹೇಳಿದೆ. ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡು, ಅದು ಅವರಿಗೆ ಗೊತ್ತಿತ್ತು ಎಂದರು. ನಾವು ಗುಡ್ಡ ಹತ್ತಬೇಕಾಗಿದ್ದ ದಿನ ಬೆಳಿಗ್ಗೆಯೇ, ಪರವಾನಗಿಯ ಜೊತೆ ಇಲಾಖೆಯವರು ಗೊತ್ತುಮಾಡಿದ್ದ ಗೈಡ್ ಚಾಚಾರಿಗೆ ಫೋನ್ ಮಾಡಿದ್ದನಂತೆ. ಮಳೆ ನಿಂತಿದೆ, ಮಂಜು ಸರಿಯುತ್ತಿದೆ, ನೀವಿನ್ನೂ ಯಾಕೆ ಬಂದಿಲ್ಲ ಎಂದು.

ಮತ್ತೆ ನನ್ನನ್ನು ಯಾಕೆ ಕೇಳಲಿಲ್ಲ ಎಂದೆ.

"ನಾನೂ ಅದನ್ನ ಕೇಳಿದೆರಿ. 'ಮಾಸ್ತರ ನನಗಿಂತ ಭಾಳ ಹೆದರ್ಯಾರ. ಅವರಿಗೆ ಧೈರ್ಯ ಬರೂತನಕ ಕಾಯ್ತೇನಿ' ಅಂದ್ರು."

ಆ ಆಷಾಢದಿಂದ ಯುಗಾದಿಯವರೆಗೆ ವಾರಕ್ಕೊಮ್ಮೆ ಅವರೆದುರು ಕುಳಿತು ಚಹಾ ಕುಡಿದಿದ್ದೇನೆ. ಒಂದು ಸಲವೂ ಅವರು ಆ ಮಾತು ತೆಗೆಯಲಿಲ್ಲ. ಈ ಆಷಾಢಕ್ಕೆ ನನ್ನೊಬ್ಬನ ಹೆಸರಿನಲ್ಲಿ ಪರವಾನಗಿ ತೆಗೆದಿದ್ದೇನೆ. ಹೆದರಿಕೆ ಇನ್ನೂ ಹೋಗಿಲ್ಲ.