ರೈಲಿಗೆ ರೈಟ್ ಹೇಳಿದ ಹಾರಿಸ್

ಸ್ನೇಹಿತರೇ, ನಮ್ಮ ಹಾರಿಸ್ ಕಾರ್ಕಳ–ಉಡುಪಿ ಬಸ್ಸಿನ ಕಂಡಕ್ಟರ್. ಇವತ್ತು ಅವನಿಗೆ ರಜೆ. ಇನ್ನಂಜೆಯ ಬಂಡೆಗಳನ್ನು ಹತ್ತುವ ಉತ್ಸಾಹದಲ್ಲಿ ನಾವು ಐವರು ಉಡುಪಿಯಿಂದ ಲೋಕಲ್ ರೈಲು ಹಿಡಿದೆವು.

ಇನ್ನಂಜೆ ಬಂತು. ಹಾರಿಸ್ ಬಾಗಿಲಲ್ಲಿ ನಿಂತು, “ಇಳಿಯುವವರು ಬೇಗ ಬನ್ನಿ, ಅಜ್ಜಿಗೆ ಜಾಗ ಬಿಡಿ” ಎನ್ನುತ್ತಾ ಎಲ್ಲರನ್ನೂ ಇಳಿಸಿದ. ಕೊನೆಗೆ ಬಾಗಿಲಿಗೆ ಎರಡು ಬಾರಿ ತಟ್ಟಿ “ರೈಟ್” ಎಂದ. ರೈಲು ಹೊರಟೇಬಿಟ್ಟಿತು, ಅವನನ್ನೂ ನಮ್ಮ ಬನ್ಸ್ ಇದ್ದ ಚೀಲವನ್ನೂ ಹೊತ್ತುಕೊಂಡು.

ಸ್ವಲ್ಪ ಹೊತ್ತಿಗೆ ಫೋನ್ ಬಂತು. “ಪಡುಬಿದ್ರಿಯಲ್ಲಿ ಇಳಿದೆ ಮಾರಾಯ. ಬಸ್ಸಿನಲ್ಲಿ ಬರ್ತೇನೆ. ಅದರಲ್ಲಾದ್ರೆ ಕಂಡಕ್ಟರ್ ಇರ್ತಾನೆ, ಅಲ್ವಾ?”

ಅವನು ಬಂದ ಮೇಲೆ ಬಂಡೆಯ ನೆತ್ತಿಯಲ್ಲಿ ಕುಳಿತು, ದೂರದ ಸಮುದ್ರ ನೋಡುತ್ತಾ ಬನ್ಸ್ ತಿಂದೆವು. ಸಂಜೆ ವಾಪಸ್ ಬಂದಾಗ ಉಡುಪಿಯಲ್ಲಿ ರೈಲಿನಿಂದ ಅವನನ್ನೇ ಮೊದಲು ಇಳಿಸಿದೆವು. ‘ರೈಟ್’ ಹೇಳುವ ಧೈರ್ಯ ಮಾತ್ರ ಯಾರಿಗೂ ಬರಲಿಲ್ಲ.